ತಿದ್ದಿದ ಕಣ್ಣನ್ನು ಮತ್ತೆ ತಿದ್ದಿಸುವ ಮುನ್ನ

ದರ್ಜಿಯು ಅಂಗಿಯನ್ನು ಸಡಿಲವಾಗಿ ಹೊಲಿದಿದ್ದರೆ ಅದನ್ನು ಬಿಗಿಗೊಳಿಸುವುದು ಸುಲಭ. ಆದರೆ ಕತ್ತರಿಸುವಾಗಲೇ ಬಟ್ಟೆಯನ್ನು ಗಿಡ್ಡಮಾಡಿದ್ದರೆ, ಎಂತಹ ಕುಶಲನಾದರೂ ತೇಪೆ ಹಾಕದೆ ಅದನ್ನು ಸರಿಪಡಿಸಲಾರನು. ತೇಪೆಗೆ ಅದೇ ಬಣ್ಣದ, ಅದೇ ನೇಯ್ಗೆಯ ಬಟ್ಟೆಯೂ ದೊರೆಯಬೇಕು. ಸೌಂದರ್ಯಕ್ಕಾಗಿ ಕಣ್ಣಿನ ರೆಪ್ಪೆಯ ಮೇಲೆ ನಡೆಸುವ ಶಸ್ತ್ರಚಿಕಿತ್ಸೆಯ ಸ್ಥಿತಿಯೂ ಇದೇ ಆಗಿದೆ. ಮೊದಲ ಸಲ ಕಡಿಮೆ ಚರ್ಮವನ್ನು ತೆಗೆದಿದ್ದರೆ ಇನ್ನಷ್ಟು ತೆಗೆಯಬಹುದು. ಹೆಚ್ಚು ತೆಗೆದಿದ್ದರೆ ಅದನ್ನು ಹಿಂದಕ್ಕೆ ತರುವ ಬಗೆ ಇಲ್ಲ. ಆದುದರಿಂದ ಎರಡನೆಯ ಶಸ್ತ್ರಚಿಕಿತ್ಸೆಗೆ ವೈದ್ಯರನ್ನು ಆರಿಸುವ ಕೆಲಸವು ಮೊದಲನೆಯದಕ್ಕಿಂತ ಹೆಚ್ಚಿನ ವಿಚಾರವನ್ನು ಬೇಡುತ್ತದೆ.

ಜೋಲುಬಿದ್ದ ಮೇಲ್ರೆಪ್ಪೆಯನ್ನು ಎತ್ತರಿಸುವುದು, ಕಣ್ಣಿನ ಕೆಳಗಿನ ಚೀಲದಂತಹ ಉಬ್ಬನ್ನು ತೆಗೆಯುವುದು ಮೊದಲಾದ ಚಿಕಿತ್ಸೆಗಳಿಗೆ ಬ್ಲೆಫರೋಪ್ಲಾಸ್ಟಿ ಎಂದು ಹೆಸರು. ಈ ಹೆಸರನ್ನು 1818ರಲ್ಲಿ ಬಳಕೆಗೆ ತಂದವನು ಜರ್ಮನಿಯ ಶಸ್ತ್ರವೈದ್ಯನಾದ ಕಾರ್ಲ್ ಫರ್ಡಿನೆಂಡ್ ಫಾನ್ ಗ್ರೇಫೆ. ಆಗ ಅದು ರೋಗದಿಂದ ನಷ್ಟವಾದ ರೆಪ್ಪೆಯನ್ನು ಮತ್ತೆ ಕಟ್ಟುವ ವಿದ್ಯೆಯಾಗಿದ್ದಿತು. ಇಂದು ಅದರ ಬಹುಭಾಗ ಆರೋಗ್ಯವಂತರ ಕಣ್ಣಿನ ಮೇಲೆಯೇ ನಡೆಯುತ್ತಿದೆ. ಈ ವ್ಯತ್ಯಾಸವನ್ನು ನಾವು ಮರೆಯಬಾರದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಉತ್ತರ ಕರ್ನಾಟಕದ ಜನರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ಮೇಲೆ ದೊಡ್ಡ ನಂಬಿಕೆಯನ್ನು ಬೆಳೆಸಿದರು. ಪೊರೆಯಿಂದ ಕಾಣದಾದ ಕಣ್ಣು ಅಲ್ಲಿ ಕಾಣುವಂತಾಗುತ್ತಿತ್ತು. ಸೌಂದರ್ಯ ಚಿಕಿತ್ಸೆಯಲ್ಲಾದರೋ, ಚೆನ್ನಾಗಿ ಕಾಣುತ್ತಿರುವ ಕಣ್ಣನ್ನೇ ನಾವು ಪಣಕ್ಕೆ ಒಡ್ಡುತ್ತೇವೆ. ಒಂದರಲ್ಲಿ ಗಳಿಸಿದ ನಂಬಿಕೆಯನ್ನು ಇನ್ನೊಂದಕ್ಕೆ ಹಾಗೆಯೇ ವರ್ಗಾಯಿಸುವುದು ಸರಿಯಲ್ಲ.

ರೆಪ್ಪೆಯ ಕೆಲಸ

ರೆಪ್ಪೆಯ ಚರ್ಮವು ದೇಹದಲ್ಲೆಲ್ಲ ಅತ್ಯಂತ ತೆಳುವಾದುದು. ಅದರ ದಪ್ಪ ಒಂದು ಮಿಲಿಮೀಟರಿನಷ್ಟೂ ಇಲ್ಲ. ಅದರ ಕೆಳಗೆ ಕಣ್ಣನ್ನು ಮುಚ್ಚುವ ಸ್ನಾಯು, ಅದರ ಹಿಂದೆ ತೆಳುವಾದ ಒಂದು ಪರದೆ, ಪರದೆಯ ಹಿಂದೆ ಮೆತ್ತೆಯಂತಹ ಕೊಬ್ಬು, ಇನ್ನೂ ಒಳಗೆ ರೆಪ್ಪೆಯನ್ನು ಮೇಲಕ್ಕೆತ್ತುವ ಸ್ನಾಯು ಇವೆ. ರೆಪ್ಪೆಯು ಪ್ರತಿ ನಿಮಿಷ ಸುಮಾರು 15 ಸಲ ಮುಚ್ಚಿ ತೆರೆದು, ಕಂಬನಿಯನ್ನು ಕಾರ್ನಿಯದ ಮೇಲೆ, ಎಂದರೆ ಕಣ್ಣಿನ ಮುಂಭಾಗದ ಗಾಜಿನಂತಹ ಪಟಲದ ಮೇಲೆ, ಸಮನಾಗಿ ಹರಡುತ್ತದೆ. ಈ ಕಂಬನಿಯ ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳು. ಆದರೂ ಬೆಳಕು ಕಣ್ಣನ್ನು ಹೊಗುವಾಗ ಮೊದಲು ಬಾಗುವುದು ಈ ಪದರದಲ್ಲಿಯೇ. ಕಣ್ಣು ಬೆಳಕನ್ನು ಬಾಗಿಸುವ ಒಟ್ಟು ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಣ್ಣಿನ ಈ ಮುಂಭಾಗದಲ್ಲಿಯೇ ಇದೆ. ದುರ್ಬೀನಿನ ಮಸೂರವನ್ನು ಒರೆಸುವವನಿಲ್ಲದಿದ್ದರೆ ಏನಾಗುವುದೋ, ರೆಪ್ಪೆ ಪೂರ್ತಿ ಮುಚ್ಚದ ಕಣ್ಣಿಗೂ ಅದೇ ಆಗುತ್ತದೆ: ಮೊದಲು ಉರಿ, ಆಮೇಲೆ ಮಂಜು, ಕೊನೆಗೆ ಕಾರ್ನಿಯದ ಮೇಲೆ ಹುಣ್ಣು.

ಮೊದಲ ಚಿಕಿತ್ಸೆಯ ಬಳಿಕ ಉಳಿಯಬಹುದಾದ ದೋಷಗಳು ಹಲವು. ಒಂದು ಕಣ್ಣಿಗೂ ಇನ್ನೊಂದಕ್ಕೂ ಅಲ್ಪಸ್ವಲ್ಪ ಭೇದ ಕಾಣಬಹುದು. ಕೊಬ್ಬನ್ನು ಅತಿಯಾಗಿ ತೆಗೆದುದರಿಂದ ಕಣ್ಣು ಗುಳಿಬಿದ್ದಂತಾಗಬಹುದು. ಕೆಳರೆಪ್ಪೆ ಕೆಳಕ್ಕೆ ಜಗ್ಗಿ ಬಿಳಿಭಾಗ ಹೆಚ್ಚಾಗಿ ಕಾಣಬಹುದು. ಮೇಲ್ರೆಪ್ಪೆ ಮುಚ್ಚದೆ ಉಳಿಯಬಹುದು. ಇನ್ನು ಕೆಲವರಲ್ಲಿ ದೋಷವಿದ್ದುದು ಚರ್ಮದಲ್ಲಲ್ಲ, ರೆಪ್ಪೆಯನ್ನೆತ್ತುವ ಸ್ನಾಯುವಿನಲ್ಲಿ. ಅದನ್ನು ಗುರುತಿಸದೆ ಚರ್ಮವನ್ನಷ್ಟೇ ಕತ್ತರಿಸಿದರೆ ರೆಪ್ಪೆ ಮೊದಲಿನಂತೆಯೇ ಜೋಲುತ್ತಿರುತ್ತದೆ. ಎರಡು ಮೇಲ್ರೆಪ್ಪೆಗಳಿಗೂ ಮಿದುಳಿನಿಂದ ಬರುವ ಪ್ರೇರಣೆ ಸಮಾನವಾದುದರಿಂದ, ಒಂದನ್ನು ಎತ್ತಿದೊಡನೆ ಇನ್ನೊಂದು ಇಳಿಯುವುದೂ ಉಂಟು. ತಕ್ಕಡಿಯ ಒಂದು ತಟ್ಟೆಯನ್ನು ಮುಟ್ಟಿದರೆ ಎರಡೂ ಅಲುಗುವ ಹಾಗೆ, ಇಲ್ಲಿ ಒಂದೇ ಕಣ್ಣನ್ನು ನೋಡಿ ನಿರ್ಣಯಿಸುವಂತಿಲ್ಲ.

ಇವುಗಳಲ್ಲಿ ಚರ್ಮದ ಕೊರತೆಯಿಂದಾದ ದೋಷಗಳೇ ಕಠಿನವಾದುವು. ಅವನ್ನು ಸರಿಪಡಿಸಲು ಕಿವಿಯ ಹಿಂಭಾಗದಿಂದಲೋ ಇನ್ನೊಂದು ರೆಪ್ಪೆಯಿಂದಲೋ ಚರ್ಮವನ್ನು ತಂದು ನೆಡಬೇಕಾಗಬಹುದು. ಕೆಳರೆಪ್ಪೆಗೆ ಆಸರೆಯಾಗಿ ಬಾಯಿಯ ಅಂಗುಳಿನಿಂದ ತುಣುಕೊಂದನ್ನು ತೆಗೆಯುವ ಕ್ರಮವೂ ಇದೆ. ನೆಟ್ಟ ಚರ್ಮದ ಬಣ್ಣವೂ ದಪ್ಪವೂ ಪೂರ್ತಿ ಹೊಂದಿಕೊಳ್ಳುವುದೆಂದು ಯಾರೂ ಭರವಸೆ ಕೊಡಲಾರರು. ಹಾಗೆ ಭರವಸೆ ಕೊಡುವವರಿದ್ದರೆ ಅವರ ವಿಷಯದಲ್ಲಿ ಎಚ್ಚರದಿಂದಿರುವುದು ಮೇಲು.

ಕಾಯುವುದೂ ಚಿಕಿತ್ಸೆಯೇ

ಚಿಕಿತ್ಸೆ ಮುಗಿದ ಮೂರನೆಯ ವಾರದಲ್ಲಿ ಕನ್ನಡಿಯ ಮುಂದೆ ನಿಂತು ನಿರಾಶರಾಗಿ, ನಾಲ್ಕನೆಯ ವಾರದಲ್ಲಿ ಬೇರೊಬ್ಬ ವೈದ್ಯರನ್ನು ಹುಡುಕುವವರುಂಟು. ಗಾಯದ ಕಲೆಯು ಗಟ್ಟಿಯಾಗುವ ಕ್ರಮವನ್ನು ತಿಳಿದರೆ ಈ ಆತುರ ತಪ್ಪುತ್ತದೆ. ಕತ್ತರಿಸಿ ಹೊಲಿದ ಚರ್ಮವು ಎಳೆತವನ್ನು ತಾಳುವ ಬಲವು ಮೂರು ವಾರಗಳಲ್ಲಿ ಮೊದಲಿನ ಬಲದ ಸುಮಾರು ಐದರಲ್ಲಿ ಒಂದು ಪಾಲಿನಷ್ಟಿದ್ದು, ಮೂರು ತಿಂಗಳ ವೇಳೆಗೆ ಸುಮಾರು ಐದರಲ್ಲಿ ನಾಲ್ಕು ಪಾಲಿಗೆ ಏರುತ್ತದೆ. ಪೂರ್ಣ ಬಲವು ಮತ್ತೆ ಬರುವುದೇ ಇಲ್ಲ. ಈ ಅವಧಿಯಲ್ಲಿ ಕಲೆಯು ಕುಗ್ಗಿ ರೆಪ್ಪೆಯನ್ನು ಜಗ್ಗುತ್ತದೆ, ಬಳಿಕ ಮೆಲ್ಲಮೆಲ್ಲನೆ ಮೃದುವಾಗುತ್ತದೆ. ಬಾವು ಇಳಿಯುವುದಕ್ಕೂ ತಿಂಗಳುಗಳು ಬೇಕು. ಆದಕಾರಣ ಅವಸರದ ಕಾರಣವಿಲ್ಲದಿದ್ದರೆ ಸುಮಾರು ಆರು ತಿಂಗಳು ಕಾದು, ರೆಪ್ಪೆ ಒಂದು ಸ್ಥಿತಿಯಲ್ಲಿ ನಿಂತ ಮೇಲೆ ಮರು ಚಿಕಿತ್ಸೆಯನ್ನು ವಿಚಾರಿಸುವುದು ವಾಡಿಕೆ. ಅಲ್ಲಿಯವರೆಗೆ ಕಣ್ಣಿನ ತೇವವನ್ನು ಕಾಪಾಡುವ ಹನಿಗಳು, ರಾತ್ರಿ ಹಚ್ಚುವ ಮುಲಾಮು, ವೈದ್ಯರು ತೋರಿಸಿಕೊಟ್ಟಂತೆ ನೀವುವುದು ಇವುಗಳಿಂದಲೇ ಕೆಲವರಿಗೆ ಸಾಕಷ್ಟು ಗುಣ ಕಾಣುತ್ತದೆ.

ಇದಕ್ಕೆ ಒಂದು ಅಪವಾದವುಂಟು. ಕಣ್ಣು ಮುಚ್ಚದೆ ನೋಯುತ್ತಿದ್ದರೆ, ಕೆಂಪಾಗಿದ್ದರೆ, ನೋಟ ಮಂಜಾಗಿದ್ದರೆ ಒಂದು ದಿನವೂ ಕಾಯದೆ ನೇತ್ರವೈದ್ಯರ ಬಳಿಗೆ ಹೋಗತಕ್ಕದ್ದು. ಅಲ್ಲಿ ಪ್ರಶ್ನೆ ಸೌಂದರ್ಯದ್ದಲ್ಲ, ದೃಷ್ಟಿಯದು.

ಪದವಿ ಮತ್ತು ಪರವಾನಗಿ

ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರೈಲುದಾರಿಯಲ್ಲಿ ಕಾಡಿನ ಮಗ್ಗುಲಲ್ಲಿರುವ ಗುಂಜಿಯಂತಹ ಊರಿನಲ್ಲಿ ವಾಸಿಸುವವರನ್ನು ಕುರಿತು ಯೋಚಿಸೋಣ. ಅಲ್ಲಿಂದ ಬೆಳಗಾವಿ ಒಂದು ಕಡೆ, ಗೋವೆ ಇನ್ನೊಂದು ಕಡೆ. ಹುಬ್ಬಳ್ಳಿಗೂ ಹೋಗಬಹುದು, ರಾತ್ರಿಯ ರೈಲು ಹತ್ತಿದರೆ ಬೆಳಗಾಗುವಾಗ ಬೆಂಗಳೂರು. ಈ ಎಲ್ಲ ಊರುಗಳ ಜಾಹೀರಾತುಗಳೂ ಇಂದು ಕೈಯಲ್ಲಿರುವ ಫೋನಿನಲ್ಲಿ ಒಟ್ಟಿಗೆ ಬಂದು ನಿಲ್ಲುತ್ತವೆ. ಇವುಗಳಲ್ಲಿ ಆರಿಸುವುದು ಹೇಗೆ?

ಮೊದಲನೆಯದಾಗಿ ವೈದ್ಯರ ಶಿಕ್ಷಣ. ರೆಪ್ಪೆಯ ಶಸ್ತ್ರಚಿಕಿತ್ಸೆಗೆ ಎರಡು ಹಾದಿಗಳಿಂದ ತಜ್ಞರು ಬರುತ್ತಾರೆ. ನೇತ್ರಶಾಸ್ತ್ರದಲ್ಲಿ ಎಂ.ಎಸ್. ಅಥವಾ ಡಿ.ಎನ್.ಬಿ. ಪದವಿ ಪಡೆದು, ಆಕ್ಯುಲೋಪ್ಲಾಸ್ಟಿ ಎಂಬ ಶಾಖೆಯಲ್ಲಿ ಮೇಲಿನ ತರಬೇತಿ ಪಡೆದವರು ಒಂದು ಬಗೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದವರು ಇನ್ನೊಂದು ಬಗೆ. ಎರಡೂ ಹಾದಿಗಳು ಮಾನ್ಯವಾದುವೇ. ಆದರೆ ಮರು ಚಿಕಿತ್ಸೆಯಲ್ಲಿ ಕಾರ್ನಿಯದ ಸುರಕ್ಷತೆಯೇ ಮುಖ್ಯವಾದುದರಿಂದ, ಶಸ್ತ್ರವೈದ್ಯರು ಯಾರೇ ಆಗಿರಲಿ, ನೇತ್ರತಜ್ಞರೊಬ್ಬರ ಪರೀಕ್ಷೆ ನಡೆದಿರಲೇಬೇಕು. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ದಾಖಲೆಯೊಡನೆ ಹೋಲಿಸಬಹುದು. ಇದರಲ್ಲಿ ಸಂಕೋಚಪಡುವ ಕಾರಣವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆಯೋಗವು ಕೂದಲು ನೆಡುವುದೂ ಸೇರಿದಂತೆ ಸೌಂದರ್ಯ ಚಿಕಿತ್ಸೆಗಳನ್ನು ಕುರಿತು ಸೂಚನೆ ಹೊರಡಿಸಿ, ಕಾರ್ಯಾಗಾರಗಳಲ್ಲಿ ನೋಡಿದುದೂ ಯೂಟ್ಯೂಬಿನಲ್ಲಿ ನೋಡಿದುದೂ ಸಾಕಷ್ಟು ತರಬೇತಿಯಾಗದೆಂದು ಸ್ಪಷ್ಟಪಡಿಸಬೇಕಾಯಿತು. ಅಂತಹ ಸೂಚನೆಯ ಅಗತ್ಯ ಬಿದ್ದಿತೆಂಬುದೇ ವಿಚಾರಕ್ಕೆ ಎಡೆಗೊಡುತ್ತದೆ.

ಎರಡನೆಯದು ಚಿಕಿತ್ಸಾಲಯದ ಪರವಾನಗಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನೂ ಶುಲ್ಕಗಳ ಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ಪತ್ರವಿದೆಯೆಂದು ನೋಡಿದರೆ ಸಾಲದು, ಯಾವ ವರ್ಗದ ಸಂಸ್ಥೆಯೆಂದು ಅದರಲ್ಲಿ ಬರೆದಿದೆ ಎಂಬುದನ್ನೂ ಓದಬೇಕು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸೌಂದರ್ಯ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಗೆ ಒಳಗಾದ ಯುವತಿಯೊಬ್ಬಳು ಮೃತಳಾದಳು. ಆ ಸಂಸ್ಥೆಗೆ ಪಾಲಿಕ್ಲಿನಿಕ್ಕಿನ ಮಟ್ಟದ ಪರವಾನಗಿ ಮಾತ್ರ ಇದ್ದಿತೆಂದು ಆರೋಗ್ಯ ಇಲಾಖೆಯವರು ತಿಳಿಸಿದುದಾಗಿ ಪತ್ರಿಕೆಗಳು ವರದಿ ಮಾಡಿದುವು. ಗೋಡೆಯ ಮೇಲೆ ಪತ್ರವಿರುವುದೂ, ಆ ಪತ್ರವು ನಮಗೆ ಬೇಕಾದ ಕೆಲಸಕ್ಕೆ ಸಲ್ಲುವುದೂ ಬೇರೆ ಬೇರೆ ಸಂಗತಿಗಳು. ಗಡಿಯ ಸಮೀಪದಲ್ಲಿರುವವರು ಇನ್ನೊಂದನ್ನು ನೆನಪಿನಲ್ಲಿಡಬೇಕು: ಈ ಅಧಿನಿಯಮವು ಗೋವೆಯಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ ಅನ್ವಯಿಸದು, ಅಲ್ಲಿ ಆಯಾ ರಾಜ್ಯದ ನೋಂದಣಿಯನ್ನು ಕೇಳಬೇಕು.

ಅಳೆಯುವವರನ್ನು ನಂಬಿ

ಪದವಿಯೂ ಪರವಾನಗಿಯೂ ಹೊಸಿಲು ಮಾತ್ರ. ಒಳಗೆ ಹೋದ ಮೇಲೆ ನೋಡಬೇಕಾದುದು ಒಂದೇ: ಈ ವೈದ್ಯರು ಅಳೆಯುತ್ತಾರೆಯೆ? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಲ್ಲಿ ನಾವು ಮೊದಲು ಕಲಿಸುವ ಪಾಠ ಇದು. ಇಲ್ಲಿಯೂ ಅದೇ ಸಲ್ಲುತ್ತದೆ. ಮರು ಚಿಕಿತ್ಸೆಯೆಂದರೆ ಉಳಿದ ಬಂಡವಾಳದ ಮೇಲೆ ನಡೆಸುವ ವ್ಯವಹಾರ. ಉಳಿದಿರುವುದೆಷ್ಟು ಎಂಬ ಲೆಕ್ಕವಿಲ್ಲದೆ ಮುಂದುವರಿಯುವವರು ನಂಬಿಕೆಗೆ ಅರ್ಹರಲ್ಲ.

ಕಣ್ಣಿನ ಮುಂದೆ ಚಿಕ್ಕ ದೀಪವನ್ನು ಹಿಡಿದಾಗ ಕಾರ್ನಿಯದ ನಡುವೆ ಒಂದು ಬೆಳಕಿನ ಚುಕ್ಕೆ ಹೊಳೆಯುತ್ತದೆ. ಆ ಚುಕ್ಕೆಯಿಂದ ಮೇಲ್ರೆಪ್ಪೆಯ ಅಂಚಿನವರೆಗಿನ ದೂರ ಸಹಜವಾಗಿ 4ರಿಂದ 5 ಮಿ.ಮೀ. ಇರುತ್ತದೆ, ಇದನ್ನು ಎರಡು ಕಣ್ಣುಗಳಲ್ಲಿಯೂ ಅಳೆದು ಬರೆಯಬೇಕು. ಹುಬ್ಬಿನ ಕೆಳಗಂಚಿನಿಂದ ರೆಪ್ಪೆಗೂದಲಿನವರೆಗೆ ಚರ್ಮವು ಸುಮಾರು 20 ಮಿ.ಮೀ. ಆದರೂ ಉಳಿದಿರಬೇಕೆಂಬುದು ಶಸ್ತ್ರವೈದ್ಯರು ಪಾಲಿಸುವ ಒಂದು ನಿಯಮ. ಕಣ್ಣನ್ನು ಮೆಲ್ಲಗೆ ಮುಚ್ಚಿದಾಗ ಸಂದು ಉಳಿಯುವುದೆ, ಉಳಿದರೆ ಎಷ್ಟು ಎಂದು ನೋಡಬೇಕು. ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ಬಿಟ್ಟರೆ ಅದು ಕೂಡಲೇ ಸ್ವಸ್ಥಾನಕ್ಕೆ ಮರಳಬೇಕು. ತಡವಾದರೆ ಅದರ ಬಿಗಿ ಕುಂದಿದೆಯೆಂದು ಅರ್ಥ. 1903ರಲ್ಲಿ ಜರ್ಮನಿಯ ಷಿರ್ಮರ್ ಎಂಬಾತನು ವಿವರಿಸಿದ ಕಾಗದದ ಪಟ್ಟಿಯ ಪರೀಕ್ಷೆಯನ್ನೂ ಮಾಡುವುದುಂಟು. ರೆಪ್ಪೆಯ ಅಂಚಿನಲ್ಲಿ ಸಿಕ್ಕಿಸಿದ ಪಟ್ಟಿಯು 5 ನಿಮಿಷಗಳಲ್ಲಿ 10 ಮಿ.ಮೀ.ಗಿಂತ ಹೆಚ್ಚು ನೆನೆದರೆ ಕಂಬನಿ ಸಾಮಾನ್ಯವಾಗಿ ಸಾಕಷ್ಟಿದೆಯೆಂದು ತಿಳಿಯುತ್ತಾರೆ. ಇವುಗಳೊಂದಿಗೆ ದೃಷ್ಟಿಯ ಪರೀಕ್ಷೆ ನಡೆಯಬೇಕು; ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತವನ್ನು ತೆಳುಗೊಳಿಸುವ ಔಷಧಗಳು ಇವುಗಳ ವಿಚಾರಣೆಯಾಗಬೇಕು. ಥೈರಾಯ್ಡಿನ ದೋಷವು ತಾನಾಗಿಯೇ ರೆಪ್ಪೆಯನ್ನು ಮೇಲಕ್ಕೆ ಸೆಳೆಯಬಲ್ಲುದು. ಅದನ್ನು ಅರಿಯದೆ ಶಸ್ತ್ರಕ್ಕೆ ಕೈಹಾಕುವುದು ಅನರ್ಥ.

ಅಳತೆಯಷ್ಟೇ ಮುಖ್ಯವಾದುದು ಹಳೆಯ ದಾಖಲೆ. ಮೊದಲ ಚಿಕಿತ್ಸೆಯಲ್ಲಿ ಏನನ್ನು, ಎಷ್ಟು ತೆಗೆದರು ಎಂಬ ಬರಹವನ್ನು ಕೇಳದೆಯೇ ದಿನ ಗೊತ್ತುಮಾಡುವ ಚಿಕಿತ್ಸಾಲಯದಿಂದ ಎದ್ದು ಬರುವುದು ಲೇಸು. ವೈದ್ಯರ ವೃತ್ತಿನಡತೆಯನ್ನು ಕುರಿತ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು. ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಮೊದಲಿನ ವೈದ್ಯರೊಡನೆ ಮನಸ್ತಾಪವಿದ್ದರೂ ಸಭ್ಯವಾದ ಒಂದು ಪತ್ರ ಬರೆದು ಈ ದಾಖಲೆಗಳನ್ನು ಪಡೆಯುವುದು ಅವಶ್ಯ.

ಚಿತ್ರಗಳ ಮಾಯೆ

ಚಿಕಿತ್ಸೆಯ ಹಿಂದಿನ ಮತ್ತು ಮುಂದಿನ ಭಾವಚಿತ್ರಗಳನ್ನು ಎಲ್ಲ ಚಿಕಿತ್ಸಾಲಯಗಳೂ ತೋರಿಸುತ್ತವೆ. ಬೆಳಕಿನ ನಿಯಮಗಳನ್ನು ಬಲ್ಲವರಿಗೆ ಇವುಗಳಲ್ಲಿ ಎಷ್ಟೋ ವಿಷಯ ಕಾಣುತ್ತದೆ. ಕೆಳರೆಪ್ಪೆಯ ಉಬ್ಬು ನಮ್ಮ ಕಣ್ಣಿಗೆ ಬೀಳುವುದು ಅದರ ಕೆಳಗಿನ ನೆರಳಿನಿಂದ. ದೀಪವು ತಲೆಯ ಮೇಲಿದ್ದರೆ ನೆರಳು ಉದ್ದವಾಗಿ ಉಬ್ಬು ದೊಡ್ಡದಾಗಿ ತೋರುತ್ತದೆ. ಮುಖದ ಎದುರಿಗಿದ್ದರೆ ನೆರಳು ಅಳಿದು ಉಬ್ಬೇ ಇಲ್ಲದಂತಾಗುತ್ತದೆ. ಗದ್ದವನ್ನು ಕೊಂಚ ಎತ್ತುವುದರಿಂದಲೂ ಹುಬ್ಬನ್ನು ಏರಿಸುವುದರಿಂದಲೂ ಮೇಲ್ರೆಪ್ಪೆಯ ರೂಪ ಬದಲಾಗುತ್ತದೆ. ಶಸ್ತ್ರವನ್ನು ಮುಟ್ಟದೆಯೇ ಎರಡು ದೀಪಗಳಿಂದ ಇಂತಹ ಒಂದು ಜೋಡಿ ಚಿತ್ರವನ್ನು ಯಾರು ಬೇಕಾದರೂ ಮನೆಯಲ್ಲಿ ತೆಗೆದು ನೋಡಬಹುದು.

ಆದುದರಿಂದ ಚಿತ್ರಗಳನ್ನು ನೋಡುವಾಗ ಕಣ್ಣಾಲಿಯಲ್ಲಿ ಹೊಳೆಯುವ ದೀಪದ ಪ್ರತಿಬಿಂಬವನ್ನು ಗಮನಿಸಿ. ಎರಡು ಚಿತ್ರಗಳಲ್ಲಿಯೂ ಅದು ಒಂದೇ ಸ್ಥಾನದಲ್ಲಿದ್ದರೆ ಬೆಳಕು ಒಂದೇ ಬಗೆಯದೆಂದು ತಕ್ಕಮಟ್ಟಿಗೆ ಹೇಳಬಹುದು. ಚಿತ್ರವು ಚಿಕಿತ್ಸೆಯಾಗಿ ಎಷ್ಟು ತಿಂಗಳಾದ ಮೇಲಿನದೆಂದು ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ಮುಚ್ಚಿದ ಚಿತ್ರವನ್ನು ಕೇಳಿ. ತೆರೆದ ಕಣ್ಣಿನ ಚಿತ್ರವು ಅಂದವನ್ನು ತೋರಿಸುತ್ತದೆ. ರೆಪ್ಪೆಯ ಕೆಲಸ ನೆಟ್ಟಗಿದೆಯೆ ಎಂಬುದು ತಿಳಿಯುವುದು ಮುಚ್ಚಿದ ಕಣ್ಣಿನಿಂದ. ಮೊದಲ ಚಿಕಿತ್ಸೆಯ ಚಿತ್ರಗಳಲ್ಲದೆ ಮರು ಚಿಕಿತ್ಸೆಯ ಚಿತ್ರಗಳೂ ಇವೆಯೆ ಎಂದು ವಿಚಾರಿಸುವುದನ್ನು ಮರೆಯಬಾರದು.

ಮೊದಲ ರಾತ್ರಿ

ಕಣ್ಣುಗುಡ್ಡೆಯು ಎಲುಬಿನ ಗೂಡೊಂದರಲ್ಲಿ ಕುಳಿತಿದೆ. ಈ ಗೂಡಿನ ಒಟ್ಟು ಗಾತ್ರ ಸುಮಾರು 30 ಮಿಲಿಲೀಟರು. ಅದರಲ್ಲಿ ಗುಡ್ಡೆಯು ಸುಮಾರು 7 ಮಿಲಿಲೀಟರನ್ನು ಆಕ್ರಮಿಸಿದೆ. ಹಿಂದೆಯೂ ಸುತ್ತಲೂ ಎಲುಬು. ಮುಂದುಗಡೆ ಮಾತ್ರ ರೆಪ್ಪೆಗಳ ಬಾಗಿಲು, ಅದೂ ಬಹಳ ಹಿಗ್ಗದು. ಚಿಕಿತ್ಸೆಯ ಬಳಿಕ ಒಳಗೆ ಸಣ್ಣ ರಕ್ತನಾಳವೊಂದು ಒಸರತೊಡಗಿದರೆ ಆ ರಕ್ತಕ್ಕೆ ಹೋಗಲು ಎಡೆಯಿಲ್ಲ. ಮುಚ್ಚಿದ ಪಾತ್ರೆಯೊಳಕ್ಕೆ ದ್ರವವನ್ನು ನೂಕಿದಂತೆ ಒಳಗಿನ ಒತ್ತಡ ಏರುತ್ತದೆ. ಅದು ಕಣ್ಣಿಗೆ ರಕ್ತವನ್ನು ತರುವ ನಾಳಗಳ ಒತ್ತಡವನ್ನು ಮೀರಿದಾಗ ಅಕ್ಷಿಪಟಲಕ್ಕೂ ದೃಷ್ಟಿನರಕ್ಕೂ ರಕ್ತ ಸಿಗದೆ ಹೋಗುತ್ತದೆ. ಇಂತಹ ಸ್ಥಿತಿಯನ್ನು ಅಕ್ಷಿಪಟಲವು ತಾಳಬಲ್ಲ ಕಾಲ ಸುಮಾರು ಒಂದೂವರೆ ಗಂಟೆ ಮಾತ್ರ.

ಈ ಅಪಾಯ ಅಪರೂಪವಾದುದು. 2004ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದು ರಕ್ತಸ್ರಾವವನ್ನು ಸುಮಾರು 2000ಕ್ಕೆ ಒಂದೆಂದೂ, ಶಾಶ್ವತ ದೃಷ್ಟಿನಾಶವನ್ನು ಸುಮಾರು 10,000ಕ್ಕೆ ಒಂದೆಂದೂ ಅಂದಾಜುಮಾಡಿತು. ಸಕಾಲದಲ್ಲಿ ಹೊಲಿಗೆಗಳನ್ನು ಬಿಚ್ಚಿ, ರೆಪ್ಪೆಯ ಹೊರಮೂಲೆಯನ್ನು ಕತ್ತರಿಸಿ ಒತ್ತಡವನ್ನು ಇಳಿಸಿದರೆ ಕಣ್ಣು ಉಳಿಯುತ್ತದೆ. ಆದರೆ ಅದನ್ನು ಬಲ್ಲವರು ಹತ್ತಿರದಲ್ಲಿರಬೇಕು. ಇಂತಹ ಸ್ರಾವವು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲಿ ಕಾಣಿಸಿಕೊಳ್ಳುವುದರಿಂದ ಬೆಳಿಗ್ಗೆ ಬೆಳಗಾವಿಯಲ್ಲೋ ಪಣಜಿಯಲ್ಲೋ ಚಿಕಿತ್ಸೆ ಮಾಡಿಸಿಕೊಂಡು ಸಂಜೆ ಗುಂಜಿಗೆ ಮರಳುವ ಏರ್ಪಾಡು ಸರಿಯಲ್ಲ. ಮಳೆಗಾಲದ ರಾತ್ರಿಯಲ್ಲಿ ಕಾಡಿನ ದಾರಿಯ ಒಂದೂವರೆ ಗಂಟೆ ಎಷ್ಟು ಬೇಗ ಕಳೆಯುವುದೆಂಬುದನ್ನು ಖಾನಾಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲ ರಾತ್ರಿಯನ್ನಾದರೂ ಚಿಕಿತ್ಸಾಲಯಕ್ಕೆ ಹತ್ತಿರದಲ್ಲಿಯೇ, ಮನೆಯವರೊಬ್ಬರೊಂದಿಗೆ ಕಳೆಯಬೇಕು. ತೀವ್ರ ನೋವು, ಹೊರಕ್ಕೆ ತಳ್ಳಿದಂತೆ ಬಿಗಿಯಾದ ಕಣ್ಣು, ನೋಟ ಮಸುಕಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಬೇಕು. ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನು ಮಾಡಬೇಕು, ಯಾರು ಬಂದು ನೋಡುವರು ಎಂಬ ಪ್ರಶ್ನೆಗೆ ಚಿಕಿತ್ಸಾಲಯವು ಮೊದಲೇ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಈ ಉತ್ತರವೊಂದರಿಂದಲೇ ಒಳ್ಳೆಯ ಚಿಕಿತ್ಸಾಲಯವನ್ನು ಬಹುಮಟ್ಟಿಗೆ ಗುರುತಿಸಬಹುದು.

ಒಪ್ಪಿಗೆ, ಹಣ, ಇನ್ನೊಬ್ಬರ ಅಭಿಪ್ರಾಯ

ಸಹಿ ಹಾಕುವ ಒಪ್ಪಿಗೆ ಪತ್ರವು ಬರಿಯ ವಿಧಿಯಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆಯು ಪ್ರಾಣಾಪಾಯದಂತಹ ತುರ್ತು ಇಲ್ಲದಿರುವಾಗ ಮತ್ತೊಂದು ಕ್ರಿಯೆಗೆ ಸಲ್ಲದೆಂದು ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಬೇರೆ ಮಾರ್ಗಗಳು ಇವೆಲ್ಲವೂ ರೋಗಿಗೆ ಮೊದಲೇ ತಿಳಿದಿರಬೇಕು. ಬೆಳಗಾವಿಯ ಸೀಮೆಯಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ತಮಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಬೇಕೆಂದು ಕೇಳುವುದು ರೋಗಿಯ ಹಕ್ಕು. ಪತ್ರವನ್ನು ಚಿಕಿತ್ಸೆಯ ಬೆಳಿಗ್ಗೆ ಕೈಗೆ ಕೊಟ್ಟರೆ ಸಾಲದು; ಮನೆಗೆ ಒಯ್ದು ಓದಲು ಅವಕಾಶವಿರಬೇಕು. ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣೆಯ ಕಾನೂನಿಗೆ ಒಳಪಡುವುದೆಂದು 1995ರಲ್ಲಿಯೇ ಅದೇ ನ್ಯಾಯಾಲಯವು ಹೇಳಿದೆ. ಆದರೆ ಹೋದ ದೃಷ್ಟಿಯನ್ನು ಪರಿಹಾರದ ಹಣ ಮರಳಿಸದು.

ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಪಡೆಯಿರಿ. ಮೂರನೆಯ ಚಿಕಿತ್ಸೆ ಬೇಕಾದರೆ ಅದರ ವೆಚ್ಚ ಯಾರದೆಂಬುದನ್ನೂ ಅದರಲ್ಲಿ ಸೇರಿಸಿರಿ. ಈ ವಾರದೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುವ ಮಾತು ಸೀರೆಯ ಅಂಗಡಿಗೆ ಒಪ್ಪಬಹುದು, ಕಣ್ಣಿನ ಚಿಕಿತ್ಸೆಗೆ ಒಪ್ಪದು. ಅಂದಕ್ಕಾಗಿ ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ವಿಮೆಯ ಹಣ ದೊರೆಯದೆಂಬುದೂ ನೆನಪಿರಲಿ.

ಕೊನೆಯದಾಗಿ, ಚಿಕಿತ್ಸೆ ಮಾಡುವವರಲ್ಲದ ಇನ್ನೊಬ್ಬ ನೇತ್ರತಜ್ಞರ ಅಭಿಪ್ರಾಯವನ್ನು ಪಡೆಯತಕ್ಕದ್ದು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯವರು 1963ರಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ, ಸರಕಾರದ ಬಿಮ್ಸ್ ಇದೆ, ಎರಡರಲ್ಲಿಯೂ ನೇತ್ರವಿಭಾಗಗಳಿವೆ. ಬೆಂಗಳೂರಿನಲ್ಲಿ ಸರಕಾರದ ಮಿಂಟೋ ಕಣ್ಣಾಸ್ಪತ್ರೆಯಿದೆ. ಇಂತಹ ಕಡೆ ತೋರಿಸಿ ಒಂದೇ ಪ್ರಶ್ನೆಯನ್ನು ಕೇಳಬಹುದು: ಏನನ್ನೂ ಮಾಡದೆ ಹೀಗೆಯೇ ಬಿಟ್ಟರೆ ಈ ಕಣ್ಣಿಗೆ ಏನಾಗುವುದು? ಏನೂ ಆಗದು ಎಂಬ ಉತ್ತರ ಬಂದರೆ ಮುಂದುವರಿಯುವ ನಿರ್ಧಾರವನ್ನು ನಿಧಾನವಾಗಿ ಮಾಡಬಹುದು. ಕಾರ್ನಿಯಕ್ಕೆ ಅಪಾಯವಿದೆ ಎಂಬ ಉತ್ತರ ಬಂದರೆ ತಡಮಾಡಬಾರದು.

ಹಲವು ಚಿಕಿತ್ಸಾಲಯಗಳನ್ನು ಕಂಡು ಬಂದವರಿಗೆ, ತಕ್ಷಣ ಒಪ್ಪಿಕೊಂಡವರೇ ಧೈರ್ಯವಂತರೆಂದೂ, ಬೇಡವೆಂದವರು ಅಸಮರ್ಥರೆಂದೂ ತೋರುವುದು ಸಹಜ. ನಮ್ಮ ಎಣಿಕೆಯಲ್ಲಿ ಸಂಗತಿ ಹಾಗಿಲ್ಲ. ಅಳತೆಗಳನ್ನು ಬರೆದುಕೊಂಡು, ಹಳೆಯ ದಾಖಲೆಗಳನ್ನು ಓದಿ, ಉಳಿದಿರುವ ಚರ್ಮ ಇಷ್ಟು, ಇದರಿಂದ ಇಷ್ಟನ್ನು ಮಾತ್ರ ಸರಿಪಡಿಸಬಹುದು, ಉಳಿದುದನ್ನು ಮುಟ್ಟದಿರುವುದೇ ಒಳ್ಳೆಯದು ಎಂದು ಹೇಳುವ ವೈದ್ಯರು ದೊರೆತರೆ, ಅವರ ಮಾತು ರುಚಿಸದಿದ್ದರೂ ಅವರಲ್ಲಿಗೇ ಮತ್ತೊಮ್ಮೆ ಹೋಗುವುದು ವಿವೇಕ.